ಎಲ್ಲಕ್ಕಿಂತ ಮೇಲಿನ ಜಾಗ

“ಅಕ್ಕ, ಒಂದ್ಸಲ ಮೇಲೆ ಹೋಗ್ಬೇಕು ಅನ್ನಿಸ್ತಿದೆ,” ಎಂದ ತಮ್ಮ ಏಣಿ, ಹಿಂದಿನ ಸೀಟಿನಿಂದ.

ಅಕ್ಕನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಹಿಂದೆ ಬರುತ್ತಿದ್ದ ಲಾರಿ ಕಿವಿ ಕಿತ್ತುಹೋಗುವಂತೆ ಹಾರ್ನ್ ಮಾಡಿ ಪಕ್ಕದಲ್ಲಿ ಹಾದುಹೋಯಿತು. ಅದರ ಡ್ರೈವರು ಕತ್ತು ಹೊರಗೆ ಹಾಕಿ, ಸ್ಟೇರಿಂಗ್ ಹಿಡಿದಿರುವುದು ಹೆಂಗಸು ಎಂದು ಖಾತ್ರಿ ಮಾಡಿಕೊಂಡು ಇನ್ನೊಂದು ಸಲ ಹಾರ್ನ್ ಮಾಡಿದ. ಬೇರೆ ದಿನವಾಗಿದ್ದರೆ ಅವಳು ಅವನ ಜನ್ಮ ಜಾಲಾಡಿಬಿಡುತ್ತಿದ್ದಳು. ಇವತ್ತು ಅವಳಿಗೆ ಲಾರಿಯ ಕಡೆ ಗಮನವೇ ಇರಲಿಲ್ಲ. ಮೇಲೆ ಹೋಗುವುದು ಎಂಬ ಮಾತಿಗೆ ಎರಡು ಅರ್ಥ ಇದೆ ಎಂದು ಮಾತು ಕಲಿತ ಮಕ್ಕಳಿಗೂ ಗೊತ್ತು. ಕೆಲವು ದಿನಗಳಿಂದ ಅವಳ ಕಿವಿಗೆ ಬೀಳುತ್ತಿದ್ದದ್ದು ಎರಡನೆಯ ಅರ್ಥ ಒಂದೇ.

“ಮೇಲೆ ಅಂದ್ರೆ?” ಎಂದಳು.

“ಅಲ್ಲಿ ಬೋರ್ಡ್ ನೋಡು. ಜಿಲ್ಲೆಯ ಅತಿ ಎತ್ತರದ ಜಾಗ ಅಂತೆ. ಬಲಕ್ಕೆ ತಿರುಗಿದ್ರೆ ಆಯ್ತು, ಗಾಡಿ ನೇರ ತುದಿವರೆಗೂ ಹೋಗುತ್ತೆ.”

ತುದಿ. ಆ ಪದವೂ ಅವಳಿಗೆ ಹಿಡಿಸಲಿಲ್ಲ.

ಅದು ಅವಳು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು. ಸೀಟುಗಳೆಲ್ಲ ಗಿಡ್ಡ. ಹಿಂದೆ ಕುಳಿತ ತಮ್ಮನ ಮೊಣಕಾಲುಗಳು ಗಲ್ಲಕ್ಕೆ ತಾಗುತ್ತಿದ್ದವು. ಕಿಟಕಿಯ ಗಾಜಿಗೆ ಯಾವುದೋ ಮಗು ಅಂಟಿಸಿದ ನಗುವ ಸೂರ್ಯ ಸರಿಯಾಗಿ ಅವನ ಕೆನ್ನೆಯ ಪಕ್ಕಕ್ಕೆ ಬರುತ್ತಿತ್ತು. ಮರೆತುಹೋದ ಒಂದು ನೀರಿನ ಬಾಟಲಿ ಪ್ರತಿ ತಿರುವಿನಲ್ಲೂ ಕಾಲಡಿ ಉರುಳಾಡುತ್ತಿತ್ತು. ಅವನಿಗೆ ಏಣಿ ಎಂದು ಹೆಸರಿಟ್ಟವಳು ಅವಳೇ, ಅವನು ಹೈಸ್ಕೂಲಿನಲ್ಲಿ ಒಂದೇ ಬೇಸಿಗೆಯಲ್ಲಿ ಅವಳನ್ನು ಮೀರಿಸಿ ಬೆಳೆದಾಗ. ಮುಂದೆ ಅವನಿಗೆ ಲಿಫ್ಟ್ ರಿಪೇರಿ ಕೆಲಸ ಸಿಕ್ಕಿತು. ಏಣಿಗೆ ಲಿಫ್ಟಿನ ಕೆಲಸವಂತೆ ಎಂದು ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಬೆಳಿಗ್ಗೆ ಹೊರಡುವಾಗ ಅವನು ಮುಂದಿನ ಬಾಗಿಲಿಗೆ ಕೈ ಹಾಕಿದ್ದ. “ಮುಂದಿನ ಸೀಟಿನ ಸ್ಪ್ರಿಂಗ್ ಚುಚ್ಚುತ್ತೆ, ಹಿಂದೆ ಕೂತ್ಕೋ,” ಎಂದು ಅವಳೇ ಅವನನ್ನು ಹಿಂದಕ್ಕೆ ಅಟ್ಟಿದ್ದಳು. ಸ್ಪ್ರಿಂಗೂ ಇಲ್ಲ ಗಿಂಗೂ ಇಲ್ಲ. ಹಿಂದಿನ ಬಾಗಿಲಿಗೆ ಮಕ್ಕಳ ಲಾಕು ಇತ್ತು. ಹೊರಗಿನಿಂದ ಯಾರಾದರೂ ತೆಗೆದರಷ್ಟೇ ಅದು ತೆರೆಯುತ್ತಿತ್ತು.

ಸಂಜೆ ಐದರೊಳಗೆ ಅವನು ಜೈಲಿನ ಗೇಟಿನಲ್ಲಿ ಇರಬೇಕಿತ್ತು. ಎರಡು ವರ್ಷದ ಸಜೆ. ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿದು, ತಾನಾಗಿ ಹೋಗಿ ಶರಣಾಗಲು ಇವತ್ತಿನವರೆಗೆ ಗಡುವು ಕೊಟ್ಟಿತ್ತು. ಅವನ ಹೆಂಡತಿ ಜೊತೆಗೆ ಬರಲಿಲ್ಲ. ಬಾಗಿಲವರೆಗೆ ಬಂದವಳು, ಅವನು ಒಳಗೆ ಬ್ಯಾಗಿಗೆ ಟವೆಲ್ ತುರುಕುತ್ತಿದ್ದಾಗ, ಅಕ್ಕನ ಕೈ ಹಿಡಿದುಕೊಂಡು ಪಿಸುಗುಟ್ಟಿದ್ದಳು. “ಅತ್ತಿಗೆ, ಒಬ್ಬರನ್ನೇ ಎಲ್ಲೂ ಬಿಡಬೇಡಿ. ಮೊನ್ನೆ ಮಧ್ಯಾಹ್ನ ತಾರಸಿ ಅಂಚಲ್ಲಿ ನಿಂತು ಕೆಳಗೆ ನೋಡ್ತಾ ಇದ್ರು. ಕೂಗಿದ್ರೂ ಕೇಳಿಸಲಿಲ್ಲ. ಹೋಗಿ ಅಂಗಿ ಹಿಡಿದು ಎಳ್ಕೊಂಡು ಬಂದೆ.” ಆಮೇಲೆ ಅವನು ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಹೆಂಡತಿಗೆ “ಹೋಗ್ತೀನಿ” ಎಂದ. ಅಕ್ಕ ಅಲ್ಲೇ ಗದರಿದಳು. “ಬರ್ತೀನಿ ಅನ್ನೋ. ಹೋಗ್ತೀನಿ ಅಂತ ಯಾರಾದ್ರೂ ಅಂತಾರೇನೋ?” ಅವನು ಅವಳ ಕಡೆ ನೋಡದೆ, “ಆಕೇನೂ ಬರ್ತೀನಿ ಅಂತಾನೇ ಹೇಳಿ ಹೋಗಿದ್ಲಂತೆ. ಅವಳ ಮಗಳು ಕೋರ್ಟಲ್ಲಿ ಹೇಳಿದ್ಲಲ್ಲ,” ಎಂದ.

ಆಕೆ ಎಂದರೆ ಒಂದು ಆಫೀಸು ಕಟ್ಟಡದಲ್ಲಿ ನೆಲ ಒರೆಸುತ್ತಿದ್ದ ಹೆಂಗಸು. ಏಣಿಗೆ ಆಕೆಯ ಪರಿಚಯ ಇತ್ತು. ಲಿಫ್ಟಿನ ಹೊಸ್ತಿಲ ಸಂದಿಯಲ್ಲಿ ಬಕೆಟ್ ಗಾಡಿಯ ಚಕ್ರ ಸಿಕ್ಕಿಕೊಳ್ಳುತ್ತದೆ, ಸರಿಮಾಡಿಕೊಡಪ್ಪ ಎಂದು ಆಕೆ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು. ಅವನು ಆಗಲಿ ಆಗಲಿ ಎನ್ನುತ್ತ ಬಂದಿದ್ದ. ಚಕ್ರ ಸಿಕ್ಕಿಕೊಳ್ಳಬಾರದೆಂದು ಆಕೆ ಬಾಗಿಲು ತೆಗೆದು, ಬೆನ್ನು ತಿರುಗಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಗಾಡಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಆ ದಿನ ಅವನು ನಾಲ್ಕನೇ ಮಹಡಿಯ ಲಿಫ್ಟ್ ಬಾಗಿಲಿನ ಬೀಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಆ ಬೀಗ ಇದ್ದರೆ ಲಿಫ್ಟು ಬಂದು ನಿಂತಾಗ ಮಾತ್ರ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಯಾರು ಎಳೆದರೂ ತೆರೆಯುತ್ತದೆ. ಅಷ್ಟರಲ್ಲಿ ಫೋನ್ ಬಂತು. ಪಕ್ಕದ ಬೀದಿಯ ಕಟ್ಟಡದಲ್ಲಿ ಜನ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದರು, ಒಳಗೆ ಮಗುವೊಂದು ಅಳುತ್ತಿತ್ತು. ಅವನು ಬೀಗವನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಓಡಿದ. ಓಡುವಾಗಲೂ ಮರೆಯದೆ, ‘ದುರಸ್ತಿಯಲ್ಲಿದೆ’ ಎಂಬ ಬೋರ್ಡನ್ನು ತೂಗುಹಾಕಿದ.

ಕೆಳಗಿನ ಬಾಗಿಲಿಗೆ. ಅದೊಂದಕ್ಕೇ.

ಅವನ ತಲೆಯಲ್ಲಿ ಲಿಫ್ಟು ಎಂದರೆ ಕೆಳಗಿನಿಂದ ಹತ್ತುವವರದು. ಹತ್ತುವವರು ಬೋರ್ಡು ನೋಡುತ್ತಾರೆ, ಮೆಟ್ಟಿಲು ಹಿಡಿಯುತ್ತಾರೆ. ಆಗಲೇ ಮೇಲಿರುವವರೂ ಒಬ್ಬರು ಇರಬಹುದು, ಅವರೂ ಇಳಿಯಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ. ಪಕ್ಕದ ಬೀದಿಯಲ್ಲಿ ಮಗುವನ್ನು ಹೊರಗೆ ಎತ್ತಿಕೊಟ್ಟಾಗ ಜನ ಅವನ ಬೆನ್ನು ತಟ್ಟಿದ್ದರು. ಅವರಲ್ಲೊಬ್ಬರು ತರಿಸಿಕೊಟ್ಟ ಟೀ ಅವನ ಕೈಯಲ್ಲಿ ಇದ್ದಾಗಲೇ ಇನ್ನೊಂದು ಫೋನ್ ಬಂದದ್ದು. ಆಕೆ ನಾಲ್ಕನೇ ಮಹಡಿಯ ಬಾಗಿಲು ತೆಗೆದು, ಲಿಫ್ಟು ಇಲ್ಲದ ಗುಂಡಿಗೆ ಬಿದ್ದು ಸತ್ತಿದ್ದಳು.

“ಬೇಡ ಕಣೋ,” ಎಂದಳು ಅಕ್ಕ. “ಸುಮ್ನೆ ಲೇಟ್ ಆಗುತ್ತೆ.”

“ಎಲ್ಲಿ ಲೇಟು? ನೀನು ಬೆಳಿಗ್ಗೆ ಹೊರಡಿಸಿದ ಹೊತ್ತಿಗೆ ಜೈಲಿನವರು ಹಲ್ಲೂ ಉಜ್ಜಿರಲಿಲ್ಲ.”

“ಘಾಟಿ ರಸ್ತೆ ಇರುತ್ತೆ. ಈ ಗಾಡಿ ಹತ್ತಲ್ಲ.”

“ಹತ್ತುತ್ತೆ. ಇನ್ನು ಎರಡು ವರ್ಷ ನಿನ್ನ ಹತ್ರ ಏನೂ ಕೇಳಲ್ಲ, ಅಕ್ಕ.”

ಚಿಕ್ಕಂದಿನಲ್ಲೂ ಅವನು ಹೀಗೆಯೇ. ಹಟ ಮಾಡುತ್ತಿರಲಿಲ್ಲ, ಅತ್ತು ರಂಪ ಮಾಡುತ್ತಿರಲಿಲ್ಲ, ಕರುಳಿಗೆ ಕೈ ಹಾಕುವಂತೆ ಒಂದು ಮಾತು ಆಡಿ ಸುಮ್ಮನಾಗಿಬಿಡುತ್ತಿದ್ದ. ಅವಳು ಮನಸ್ಸಿನಲ್ಲೇ ಅವನನ್ನು ಬೈದುಕೊಂಡು ವ್ಯಾನನ್ನು ಬಲಕ್ಕೆ ತಿರುಗಿಸಿದಳು. ಬೇಡ ಎಂದರೆ ಅವನು ಕೊನೆಯದಾಗಿ ಕೇಳಿದ್ದನ್ನು ಕೊಡಲಿಲ್ಲ ಎಂದಾಗುತ್ತಿತ್ತು. ಕೊನೆಯದಾಗಿ ಎಂಬ ಪದ ತನ್ನ ತಲೆಯೊಳಗೆ ಬಂದದ್ದಕ್ಕೆ ತನ್ನನ್ನೂ ಬೈದುಕೊಂಡಳು.

ರಸ್ತೆ ಹೋಗುತ್ತಲೇ ಇತ್ತು. ಅವಳು ಪ್ರತಿ ತಿರುವಿನ ಆಚೆ ಒಂದು ಕಮರಿಯನ್ನು ನಿರೀಕ್ಷಿಸಿದಳು. ಬೆಟ್ಟ, ಬಂಡೆ, ಕಬ್ಬಿಣದ ತಡೆಗಂಬಿ, ಗಾಳಿಗೆ ಹಾರುವ ಬಟ್ಟೆ, ಕೆಳಗೆ ಬೆಂಕಿಪೊಟ್ಟಣದಷ್ಟಾಗಿ ಕಾಣುವ ಮನೆಗಳು. ಎಲ್ಲಿ ನಿಲ್ಲಿಸಬೇಕು, ಅವನ ಯಾವ ಕೈ ಹಿಡಿಯಬೇಕು, ಹಿಡಿದರೆ ತನ್ನಿಂದ ತಡೆಯಲಾದೀತೇ ಎಂದೆಲ್ಲ ಲೆಕ್ಕ ಹಾಕಿದಳು. ಬಾಗಿಲು ತೆಗೆಯದೇ ಇರುವುದೇ ಮೇಲು, ಗಾಜಿನಿಂದಲೇ ನೋಡು ಎಂದರಾಯಿತು ಎಂದುಕೊಂಡಳು. ಕನ್ನಡಿಯಲ್ಲಿ ಅವನು ಕೆನ್ನೆಯನ್ನು ನಗುವ ಸೂರ್ಯನಿಗೆ ಆನಿಸಿಕೊಂಡು ಹೊರಗೆ ನೋಡುತ್ತಿದ್ದ.

ಘಾಟಿ ಬರಲೇ ಇಲ್ಲ. ಎರಡೂ ಕಡೆ ಕೊಯ್ಲಾದ ಹೊಲ, ಕೂಳೆ, ಅಲ್ಲೊಂದು ಇಲ್ಲೊಂದು ನೀರಿನ ಟ್ಯಾಂಕು. ಮೂರನೇ ಗೇರಿನಿಂದ ಕೆಳಗೆ ಬರುವ ಪ್ರಮೇಯವೇ ಒದಗಲಿಲ್ಲ. ಕೊನೆಗೆ ರಸ್ತೆ ಒಂದು ಜಲ್ಲಿ ಹಾಕಿದ ಬಯಲಿಗೆ ಬಂದು ನಿಂತಿತು. ಮೊಬೈಲ್ ಟವರ್, ತಗಡಿನ ಶೌಚಾಲಯ, ಒಂದು ಕಲ್ಲುಬೆಂಚು, ತಂತಿಬೇಲಿ. ಬೇಲಿಯ ಪಕ್ಕ ಮಂಡಿಯುದ್ದದ ಒಂದು ಕಲ್ಲಿನ ಕಂಬ, ಅದರ ಸುತ್ತ ಗೇಣೆತ್ತರದ ಸಿಮೆಂಟು ಕಟ್ಟೆ. ಜಿಲ್ಲೆಯ ಅತಿ ಎತ್ತರದ ಜಾಗ ಅಷ್ಟೇ. ಬೇಲಿಯ ಆಚೆಗೆ ಮತ್ತೆ ಅದೇ ಹೊಲ, ಕಣ್ಣು ಹಾಯುವವರೆಗೂ ಸಪಾಟು.

ಅಕ್ಕ ಇಂಜಿನ್ ಆರಿಸಿ ಇಳಿದಳು. ವ್ಯಾನನ್ನು ಒಂದು ಸುತ್ತು ಹಾಕಿದಳು. ಟವರಿಗೂ ಸುತ್ತ ಬೇಲಿ ಇದೆ, ಅದರ ಗೇಟಿಗೆ ಬೀಗ ಇದೆ ಎಂದು ನೋಡಿಕೊಂಡಳು. ಬಾವಿಯೇನಾದರೂ ಇದೆಯೇ ಎಂದು ಶೌಚಾಲಯದ ಹಿಂದೆಯೂ ಇಣುಕಿದಳು. ಬಂದು ಹಿಂದಿನ ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಳು.

ಏಣಿ ಒಳಗಿನಿಂದ ಗಾಜು ತಟ್ಟಿದ. “ತೆಗಿ ಮಿಸ್, ಒಂದಕ್ಕೆ ಹೋಗ್ಬೇಕು,” ಎಂದ, ಮಕ್ಕಳ ದನಿ ಮಾಡಿ.

ಅವಳಿಗೆ ನಗು ಬರಲಿಲ್ಲ. ಆದರೂ ಬಾಗಿಲು ತೆಗೆದಳು.

ಕಟ್ಟೆಯ ಹತ್ತಿರ ಇನ್ನೊಂದು ಸಂಸಾರ ಇತ್ತು. ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿ, ಅವರ ಮಗಳು, ಫೋನು ಹಿಡಿದು ಫೋಟೋಗೆ ಜಾಗ ಹುಡುಕುತ್ತಿದ್ದ ಅಳಿಯ. ಮುದುಕಿ ಕಂಬದ ಪಕ್ಕದಲ್ಲೇ ಫೋಟೋ ಆಗಬೇಕೆಂದು ಹಟ ಹಿಡಿದಿದ್ದರು. “ಇಷ್ಟು ದೂರ ಬಂದು ಕೆಳಗೆ ನಿಂತು ತೆಗೆಸ್ಕೊಳ್ಳೋಕೆ ನನಗೇನು ಗ್ರಹಚಾರವೇ?” ಎನ್ನುತ್ತಿದ್ದರು. ಕುರ್ಚಿಯ ಮುಂದಿನ ಚಕ್ರ ಕಟ್ಟೆಯ ಅಂಚಿಗೆ ತಾಗಿ ಮೇಲೇರುತ್ತಿರಲಿಲ್ಲ. ಮಗಳು ಎರಡು ಸಲ ನೂಕಿ ನೋಡಿ, ಕುರ್ಚಿಯನ್ನು ತಿರುಗಿಸಿ, ಬೆನ್ನು ಹಿಂದೆ ಮಾಡಿ ಕಟ್ಟೆ ಹತ್ತಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎಳೆಯತೊಡಗಿದಳು.

ಏಣಿ ಓಡಿದ. ಅಕ್ಕ ಅವನ ಅಂಗಿಗೆ ಕೈ ಹಾಕಿದಳು, ಸಿಗಲಿಲ್ಲ. ಅವನು ಕಟ್ಟೆಯ ಆಚೆ ಬದಿಗೆ ಹೋಗಿ, ಆ ಹೆಂಗಸಿನ ಬೆನ್ನ ಹಿಂದೆ ಎರಡೂ ಕೈ ಅಗಲಿಸಿ ನಿಂತುಬಿಟ್ಟ. ಕಟ್ಟೆಯಿಂದ ಜಾರಿದರೂ ಅವಳು ಇಳಿಯುತ್ತಿದ್ದದ್ದು ಒಂದು ಗೇಣು. ಅಲ್ಲಿ ಹುಲ್ಲು ಇತ್ತು.

ಹೆಂಗಸಿನ ಬೆನ್ನು ಅವನ ಅಂಗೈಗೆ ತಾಗಿತು. ಅವಳು ಬೆಚ್ಚಿ ತಿರುಗಿದಳು. “ಏನ್ರೀ ಇದು?”

“ಹಿಂದೆ ನೋಡ್ಕೊಂಡು ಬನ್ನಿ,” ಎಂದ ಏಣಿ. “ಹಿಂದೆ ನೋಡ್ಕೊಂಡು ಕಾಲಿಡಿ, ಅಮ್ಮ. ನೋಡದೆ ಕಾಲಿಡಬೇಡಿ.”

ಅಳಿಯ ಫೋನು ಇಳಿಸಿ ಮುಂದೆ ಬಂದ. “ಯಾರಪ್ಪ ನೀನು? ಕೈ ತೆಗಿ ಮೊದಲು.”

“ನನ್ನ ತಮ್ಮ,” ಎಂದಳು ಅಕ್ಕ, ಏದುಸಿರು ಬಿಡುತ್ತ ಬಂದು. “ಸಹಾಯ ಮಾಡೋಕೆ ಹೋದ ಅಷ್ಟೇ. ಬೇಜಾರು ಮಾಡ್ಕೋಬೇಡಿ.” ಅಳಿಯ ಏಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅಕ್ಕನ ಮುಖದಲ್ಲಿ ಏನು ಕಂಡಿತೋ, ಮಾತು ಬೆಳೆಸಲಿಲ್ಲ. ಕೊನೆಗೆ ಏಣಿಯೇ ಕುರ್ಚಿಯ ಕೆಳಗೆ ಕೈ ಕೊಟ್ಟು ಎತ್ತಿ ಕಂಬದ ಪಕ್ಕ ಇಟ್ಟ. “ಎಷ್ಟು ಎತ್ತರ ಇದ್ದೀಯಪ್ಪ, ನೀನೇ ಇಲ್ಲಿ ಎಲ್ಲರಿಗಿಂತ ಮೇಲೆ,” ಎಂದರು ಮುದುಕಿ. ಅವನು ಅವರ ಕುರ್ಚಿಯ ಬ್ರೇಕು ಸರಿಯಾಗಿ ಹಿಡಿದಿದೆಯೇ ಎಂದು ಬಗ್ಗಿ ನೋಡಿ, ಇನ್ನೊಂದು ಸಲ ಅಲ್ಲಾಡಿಸಿ ನೋಡಿ, ಇಳಿದು ಬಂದ.

ಅವರು ಹೋದ ಮೇಲೆ ಅಕ್ಕ ತಮ್ಮ ಕಲ್ಲುಬೆಂಚಿನ ಮೇಲೆ ಕುಳಿತರು. ಅವನು ಕೈಗಳನ್ನು ತೊಡೆಗಳ ನಡುವೆ ಒತ್ತಿ ಹಿಡಿದುಕೊಂಡ.

“ತುದಿ ತುದಿ ಅಂದೆ,” ಎಂದಳು ಅಕ್ಕ. “ಎಲ್ಲೋ ತುದಿ? ನಮ್ಮ ಶಾಲೆ ಆಟದ ಮೈದಾನ ಇದಕ್ಕಿಂತ ಏರುತಗ್ಗು ಇದೆ.”

“ಇದೇ ತುದಿ. ತುದಿ ಅಂದ್ರೆ ಬೀಳೋ ಜಾಗ ಅಂದ್ಕೊಂಡವಳು ನೀನು.”

ಅವಳು ಬೇಲಿಯ ಆಚೆಯ ಹೊಲದ ಕಡೆ ನೋಡಿದಳು.

“ಕೋರ್ಟಲ್ಲಿ ಕಾಯ್ತಾ ಕೂತಾಗ ಫೋನಲ್ಲಿ ಇದರ ಫೋಟೋ ನೋಡಿದ್ದೆ. ಬಂದವರೆಲ್ಲ ಅದರ ಕೆಳಗೆ ಬೈದು ಬರೆದಿದ್ದಾರೆ ಅಕ್ಕ. ಪೆಟ್ರೋಲ್ ದಂಡ, ನೋಡೋಕೆ ಏನೂ ಇಲ್ಲ, ಮೋಸ ಅಂತ. ನನಗೆ ಒಂದ್ಸಲ ಇಲ್ಲಿಗೆ ಬರಬೇಕು ಅನ್ನಿಸಿಬಿಟ್ಟಿತ್ತು. ಇಷ್ಟು ಮೇಲೆ ಇದ್ದೂ ಇಲ್ಲಿಂದ ಯಾರೂ ಬೀಳೋಕಾಗಲ್ಲ.”

ಗಾಳಿ ಬೀಸಿ ತಗಡಿನ ಬಾಗಿಲು ಒಮ್ಮೆ ಬಡಿದುಕೊಂಡಿತು. ಅವನು ಆ ಕಡೆ ಕತ್ತು ತಿರುಗಿಸಿ, ಅದು ಮುಚ್ಚಿಕೊಂಡದ್ದು ಖಾತ್ರಿಯಾಗುವವರೆಗೆ ನೋಡಿದ.

“ಗಾಡಿ ಎಳೆಯೋ ಹಗ್ಗ ಹಿಂದೆ ಇರ್ತಿತ್ತಲ್ಲ, ಎಲ್ಲಿ?” ಎಂದ.

ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. “ಮಂಚದ ಕೆಳಗೆ ಇಟ್ಟು ಬಂದೆ.”

“ದಾರೀಲಿ ಗಾಡಿ ಕೆಟ್ರೆ?”

“ಕೆಟ್ರೆ ಕೆಡ್ಲಿ.”

ಅವನು ನಕ್ಕ. ಬೆಳಿಗ್ಗೆಯಿಂದ ಅದೇ ಮೊದಲು. ನಗು ಅರ್ಧಕ್ಕೇ ನಿಂತುಹೋಯಿತು.

“ತಾರಸಿ ಮೇಲೆ ನಿಂತಿದ್ಯಂತೆ,” ಎಂದಳು ಅಕ್ಕ. ಇದನ್ನು ಕೇಳದೆ ಜೈಲಿನ ಗೇಟಿನಲ್ಲಿ ಇವನನ್ನು ಬಿಟ್ಟು ಹೋದರೆ ಮುಂದೆ ಒಂದು ತುತ್ತೂ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ನಿಂತಿದ್ದೆ.”

“ಯಾಕೆ?”

“ಬೀಳೋವಾಗ ಆಕೆಗೆ ಏನು ಕಾಣಿಸಿರಬಹುದು ಅಂತ ನೋಡ್ತಿದ್ದೆ. ಆಮೇಲೆ ಹೊಳೀತು, ಅವಳಿಗೆ ಏನೂ ಕಾಣಿಸಿರಲ್ಲ. ಬೆನ್ನು ಆ ಕಡೆ ಇತ್ತಲ್ಲ. ಅವಳು ನೋಡ್ತಾ ಇದ್ದದ್ದು ಬಕೆಟ್‌ನ.” ಅವನು ಕೆಳತುಟಿ ಕಚ್ಚಿಕೊಂಡ. “ಚಕ್ರ ಸರಿಮಾಡಿಕೊಟ್ಟಿದ್ರೆ ಮುಖ ಆ ಕಡೆ ಮಾಡ್ಕೊಂಡು ಹೋಗಿರೋಳು ಅಕ್ಕ. ಕೋರ್ಟಲ್ಲಿ ಬೀಗದ ವಿಷಯ ಕೇಳಿದ್ರು, ಬೋರ್ಡಿನ ವಿಷಯ ಕೇಳಿದ್ರು. ಚಕ್ರದ ವಿಷಯ ಯಾರೂ ಕೇಳ್ಲಿಲ್ಲ.”

ನಿನ್ನದೇನೂ ತಪ್ಪಿಲ್ಲ ಎಂದು ಇಷ್ಟು ದಿನ ಅಕ್ಕ ಹೇಳುತ್ತ ಬಂದಿದ್ದಳು. ಇವತ್ತು ಆ ಮಾತು ಬಾಯಿಗೆ ಬರಲಿಲ್ಲ. ತಪ್ಪು ಇತ್ತು. ಇವನು ಒಳ್ಳೆಯವನಾಗಿಯೂ ಇದ್ದ, ತಪ್ಪೂ ಇತ್ತು, ಎರಡನ್ನೂ ಒಂದೇ ವ್ಯಾನಿನಲ್ಲಿ ಕೂರಿಸಿಕೊಂಡು ಅವಳು ಇಲ್ಲಿಯವರೆಗೆ ಬಂದಿದ್ದಳು.

“ಒಳಗೆ ಹೋಗಿ ಏನಾದ್ರೂ ಮಾಡ್ಕೊಂಡ್ರೆ,” ಎಂದಳು. ಅಳು ಬಂತು. ಮಕ್ಕಳಿಗೆ ಗದರಿಸಿ ಗದರಿಸಿ ಒರಟಾದ ಅವಳ ದನಿ ಅಳುವಾಗ ತೀರ ಸಣ್ಣದಾಗಿ ಕೇಳಿಸಿತು.

“ಇವತ್ತು ಇಲ್ಲ,” ಎಂದ ಏಣಿ.

“ನಾಳೆ?”

“ನಾಳೇದು ನಾಳೆ ಅಕ್ಕ. ಸುಳ್ಳು ಹೇಳು ಅಂತೀಯಾ?”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ತಲೆಯಾಡಿಸಿದಳು. ಬೇಡ ಎಂದೋ, ಹೇಳು ಎಂದೋ ಅವಳಿಗೇ ಗೊತ್ತಾಗಲಿಲ್ಲ. ಹೊರಡುವ ಮುಂಚೆ ಅವನು ಕಂಬದ ಹತ್ತಿರ ಹೋಗಿ, ಬಗ್ಗಿ ಅದರ ನೆತ್ತಿಯ ಮೇಲೆ ಅಂಗೈಯಿಟ್ಟು ಬಂದ. ಅವಳು ಈ ಸಲ ಮುಂದಿನ ಬಾಗಿಲು ತೆಗೆದಳು. “ಸ್ಪ್ರಿಂಗ್ ಚುಚ್ಚುತ್ತೆ ಅಂದೆ,” ಎಂದ. “ಚುಚ್ಚಿಸ್ಕೊ,” ಎಂದಳು.

ಜೈಲು ಒಂದು ಊರಿನ ಹೊರಗಿತ್ತು. ಅಲ್ಲಿಗೆ ಹೋಗುವ ದಾರಿಯೇ ಇಳಿಜಾರು, ಅವಳು ವ್ಯಾನನ್ನು ಎರಡನೇ ಗೇರಿನಲ್ಲಿ ಇಳಿಸಿದಳು. ಎತ್ತರದ ಗೋಡೆ, ದೊಡ್ಡ ಕಬ್ಬಿಣದ ಗೇಟು, ಗೇಟಿನೊಳಗೆ ಒಬ್ಬರು ನುಸುಳುವಷ್ಟು ಚಿಕ್ಕ ಬಾಗಿಲು. ಕಾವಲಿನವನು ಕಾಗದ ನೋಡಿ, ಬ್ಯಾಗಿನ ಟವೆಲ್ ಕೊಡವಿ ನೋಡಿ, “ಸೊಂಟದ ಬೆಲ್ಟು ಇವರಿಗೆ ಕೊಡಿ,” ಎಂದ. ಏಣಿ ಬೆಲ್ಟು ಬಿಚ್ಚಿ ಅಕ್ಕನ ಕೈಗಿಟ್ಟ. ಅವಳು ಅದನ್ನು ಸುರುಳಿ ಸುತ್ತಿ ಹಿಡಿದುಕೊಂಡಳು. ಇವರಿಗೂ ತನ್ನ ಹಾಗೆಯೇ ಭಯ ಇದೆ ಎಂದು ಅವಳಿಗೆ ಒಂದು ಬಗೆಯ ಸಮಾಧಾನವಾಯಿತು, ಆ ಸಮಾಧಾನಕ್ಕೆ ಮತ್ತೆ ಸಂಕಟವೂ ಆಯಿತು.

ಹೋಗುವವನು ಅವನು. ಹೇಳಬೇಕಾದವನೂ ಅವನೇ. ಅವಳು ಕಾದಳು. ಕಾವಲಿನವನು ಚಿಕ್ಕ ಬಾಗಿಲಿನ ಅಗುಳಿ ಎಳೆದ.

“ಬರ್ತೀನಿ ಕಣೋ,” ಎಂದಳು ಅಕ್ಕ.

ಅವನು ತಿರುಗಿ ನೋಡಿದ. “ಬಾ,” ಎಂದ. ಆಮೇಲೆ, “ಬರೋವಾಗ ಹಗ್ಗ ಗಾಡೀಲಿ ಇಟ್ಕೊಂಡು ಬಾ. ಹಳೇ ಗಾಡಿ, ದಾರೀಲಿ ನಿಂತುಬಿಟ್ರೆ ಕಷ್ಟ,” ಎಂದ.

ಬಾಗಿಲಿನ ಒಳಗೆ ಕತ್ತಲಿತ್ತು. ಹೊರಗಿನ ಬಿಸಿಲಿಗೆ ಆಚೆ ಏನಿದೆ ಎಂದು ಕಾಣುತ್ತಿರಲಿಲ್ಲ. “ಬಗ್ಗಿ ಬನ್ನಿ, ತಲೆ ಜೋಪಾನ,” ಎಂದಿತು ಒಳಗಿನ ಒಂದು ದನಿ. ಏಣಿ ಬಗ್ಗಿದ, ಆದರೆ ಹೊಸ್ತಿಲು ದಾಟದೆ ಅಲ್ಲೇ ನಿಂತು ಕೆಳಗೆ ನೋಡಿದ. “ಏನ್ರೀ ನೋಡ್ತೀರಾ, ನಡೀರಿ,” ಎಂದ ಕಾವಲಿನವನು. ಏಣಿ ಒಂದು ಕಾಲನ್ನು ಒಳಗೆ ಚಾಚಿ, ಚಪ್ಪಲಿಯ ತುದಿಯಿಂದ ನೆಲವನ್ನು ಒಮ್ಮೆ ತಟ್ಟಿದ, ಇನ್ನೊಮ್ಮೆ ತಟ್ಟಿದ. ಆಮೇಲೆ ಆ ಕಾಲಿನ ಮೇಲೆ ಭಾರ ಹಾಕಿದ.